ಎರಡನೇ ಕ್ಯಾಸೆಟ್

ಚೌಡಮ್ಮ ತನ್ನ ಜೀವಮಾನದಲ್ಲಿ ಮನಸಾರೆ ಮೆಚ್ಚಿದ ಸಿನಿಮಾ ಒಂದೇ. ಅದನ್ನು ಅವಳು ವರ್ಷಕ್ಕೊಂದು ಸಲ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಎಸ್ಟೇಟಿನ ಕಾಫಿ ಕಣದಲ್ಲಿ ಗೋಣಿಚೀಲ ಹಾಸಿಕೊಂಡು ನೋಡುತ್ತಿದ್ದಳು. ನೋಡುತ್ತಿದ್ದಳು ಅನ್ನುವುದಕ್ಕಿಂತ ಬೈಯುತ್ತಿದ್ದಳು ಅನ್ನುವುದೇ ಸರಿ.

"ಅಲ್ಲಾ, ದಿನ ತುಂಬಿದ ಬಸುರೀನ ಕತ್ತೆ ಮೇಲೆ ಕೂರಿಸ್ಕಂಡು ಹೊಂಟವ್ನಲ್ಲ, ಇವ್ನಿಗೆ ಬುದ್ಧಿ ಐತಾ? ಜೊತೇಗೊಬ್ಳು ಹೆಂಗ್ಸಾದ್ರೂ ಬ್ಯಾಡ್ವಾ?" ಎಂದು ಟಿವಿಯೊಳಗಿನ ಗಡ್ಡದವನನ್ನು ತರಾಟೆಗೆ ತೆಗೆದುಕೊಳ್ಳುವುದರಿಂದ ಶುರು. ಕೂಸು ದನದ ಕೊಟ್ಟಿಗೆಯಲ್ಲಿ ಹುಟ್ಟಿದಾಗ "ಹೊಕ್ಕಳುಬಳ್ಳಿ ಕುಯ್ದೋರು ಯಾರು? ಅದ್ನ ತೋರ್ಸದೇ ಇಲ್ವಲ್ಲ" ಎಂದು ತಕರಾರು. ಬಾಣಂತಿ ಹೆತ್ತ ಗಳಿಗೆಯಲ್ಲೇ ಮುಡಿ ಬಾಚಿಕೊಂಡು ನೆಟ್ಟಗೆ ಕೂತಿರುವುದನ್ನು ಕಂಡರಂತೂ ಅವಳಿಗೆ ಮೈಯೆಲ್ಲ ಉರಿ. "ಕಿವಿಗೆ ಒಂದು ಚೂರು ಬಟ್ಟೆ ಕಟ್ರೋ! ಶೀತ ಆಗ್ಬುಟ್ಟಾತು!" ಎಂದು ಕೂಗುವಳು. ಕಣದಲ್ಲಿ ಕೂತ ಕೂಲಿ ಲೈನಿನ ಜನವೆಲ್ಲ ಹೊಟ್ಟೆ ಹಿಡಿದುಕೊಂಡು ನಗುವರು. ನಿಜ ಹೇಳಬೇಕೆಂದರೆ ಅರ್ಧ ಜನ ಬರುತ್ತಿದ್ದದ್ದೇ ಚೌಡಮ್ಮನ ಬೈಗುಳ ಕೇಳಲಿಕ್ಕೆ.

ನಗುವವರಲ್ಲಿ ಬಹಳ ಮಂದಿ ಭೂಮಿಗೆ ಬಂದದ್ದೂ ಅವಳ ಕೈಮೇಲೇ. ಹೊಂಗಡಹಳ್ಳದಿಂದ ಬಿಸ್ಲೆ ಕಡೆಗೆ ಹೋಗುವ ದಾರಿಯಲ್ಲಿ ಎಡಕ್ಕಿಳಿದರೆ ಸಿಗುವ ಎಸ್ಟೇಟು ಅದು. ಆಲೂರು ಸೀಮೆಯ ಪಾಳ್ಯದ ಕಡೆಯ ಹುಡುಗಿ ಚೌಡಮ್ಮ, ದ್ಯಾವಯ್ಯನ ಕೈಹಿಡಿದು ಈ ಲೈನಿಗೆ ಬಂದಾಗ ಅವಳಿಗೆ ಜಿಗಣೆ ಕಂಡರೂ ಅಳು ಬರುತ್ತಿತ್ತು. ಅತ್ತೆ ಮುನಿಯಮ್ಮ ಸೂಲಗಿತ್ತಿ. ಹೆರಿಗೆಗೆ ಹೋಗುವಾಗ ದೀಪ ಹಿಡಿಯಲು ಸೊಸೆಯನ್ನು ಕರೆದುಕೊಂಡು ಹೋಗಿ ಹೋಗಿ, ದೀಪ ಹಿಡಿದವಳೇ ಕೊನೆಗೆ ಕೂಸು ಹಿಡಿಯುವವಳಾದಳು. ಅತ್ತೆ ಹೋದಳು, ದ್ಯಾವಯ್ಯನೂ ಹೋದ. ಉಳಿದದ್ದು ಒಬ್ಬಳೇ ಮಗಳು ಪುಟ್ಟಲಕ್ಷ್ಮಿ. ಅದೇ ಎಸ್ಟೇಟಿನಲ್ಲಿ ಔಷಧಿ ಹೊಡೆಯುವ ಗುರು ಎಂಬ ಹುಡುಗನಿಗೆ ಅವಳನ್ನು ಕೊಟ್ಟು ಮನೆಯಲ್ಲೇ ಇಟ್ಟುಕೊಂಡಿದ್ದಳು. ಹಗಲು ಹಣ್ಣು ಕುಯ್ಯುವುದು, ಕರೆ ಬಂದರೆ ಹೆರಿಗೆ. ಬಾಯಿ ಜೋರು, ಕೈ ಮೆದು, ಚೌಡಮ್ಮನೆಂದರೆ ಇಷ್ಟೇ.

ಲೈನಿನ ತುದಿಯ ಏಳೆಂಟು ಮನೆ ಕ್ರೈಸ್ತರದು. ಅವರ ಪುಟ್ಟ ಪ್ರಾರ್ಥನೆ ಮನೆ, ಅದರೊಳಗೆ ಕ್ರಿಸ್‌ಮಸ್ಸಿಗೆ ಬೊಂಬೆಗಳನ್ನಿಟ್ಟು ಕಟ್ಟುವ ಗೋದಲಿ, ಎಲ್ಲ ಸೆಲಿನಮ್ಮನ ಉಸ್ತುವಾರಿ. ಸೆಲಿನಮ್ಮ ಮತ್ತು ಚೌಡಮ್ಮ ಹಣ್ಣು ಕುಯ್ಯುವಾಗ ಯಾವತ್ತೂ ಅಕ್ಕಪಕ್ಕದ ಸಾಲು. ಸೆಲಿನಮ್ಮನ ಮಗ ವಿಕ್ಟರನನ್ನು ಹಿಡಿದವಳೂ ಚೌಡಮ್ಮನೇ. ಆ ಹುಡುಗ ಮೀಸೆ ಮೂಡುವ ವಯಸ್ಸಿನಲ್ಲಿ ನೆರಳುಮರದ ಕೊಂಬೆ ಸವರಲು ಸಿಲ್ವರ್ ಮರ ಹತ್ತಿ ಬಿದ್ದು ಸತ್ತಾಗ ಸೆಲಿನಮ್ಮನನ್ನು ತಬ್ಬಿ ಕೂತವಳೂ ಅವಳೇ. ಆಮೇಲೆ ಸೆಲಿನಮ್ಮನ ಮಾತು ಕಡಿಮೆಯಾಯಿತು. ಗೋದಲಿ ಕಟ್ಟುವುದೊಂದನ್ನು ಅವಳು ಬಿಡಲಿಲ್ಲ.

ಸಿನಿಮಾ ತೋರಿಸುತ್ತಿದ್ದವನು ಆನೇಮಹಲಿನ ನವೀನ್‌ಕುಮಾರ್. ಟಿವಿ, ಡೆಕ್ಕು, ಕ್ಯಾಸೆಟ್ಟು ಎಲ್ಲವನ್ನೂ ಜೀಪಿನಲ್ಲಿ ತಂದು, ಒಣಹಾಕಿದ ಕಾಫಿಯನ್ನು ಒಂದು ಮೂಲೆಗೆ ಗುಡ್ಡೆ ಮಾಡಿಸಿ, ಟಾರ್ಪಾಲು ಹೊದಿಸಿ, ಸ್ಟೋರಿನಿಂದ ವೈರ್ ಎಳೆಯುವನು. ಖರ್ಚು ಧಣಿಗಳದು, ಜಂಬ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಹಾದೇವಯ್ಯನದು. ಯೇಸುವಿನ ಸಿನಿಮಾ ಎರಡು ಕ್ಯಾಸೆಟ್ಟಿನದು. ಮೊದಲನೆಯದು ಮುಗಿದದ್ದೇ ತಡ, ಪಡ್ಡೆ ಹುಡುಗರು "ಸಾಕು, ಫೈಟಿಂಗ್ ಪಿಚ್ಚರ್ ಹಾಕಣ್ಣ" ಎಂದು ಶಿಳ್ಳೆ ಹೊಡೆಯುವರು. ನವೀನ್ ಹೊಡೆದಾಟದ ಸಿನಿಮಾ ಹಾಕುವನು. ಹೆಂಗಸರು ಎದ್ದು ಅಡುಗೆಗೆ ಹೋಗುವರು. ಎರಡನೇ ಕ್ಯಾಸೆಟ್ ಡಬ್ಬ ಬಿಟ್ಟು ಹೊರಗೆ ಬರುತ್ತಲೇ ಇರಲಿಲ್ಲ. ಕ್ರಿಸ್‌ಮಸ್ಸಿನ ಹೊತ್ತಿನಲ್ಲಿ ಅದನ್ನು ಯಾರು ನೋಡುತ್ತಾರೆ ಎಂದು ಸೆಲಿನಮ್ಮನ ಕಡೆಯವರೂ ಸುಮ್ಮನಿರುತ್ತಿದ್ದರು.

ಒಂದು ವರ್ಷ ಧಣಿಗಳ ಮಗಳು ಬೇರೆ ಯಾವುದೋ ಇಂಗ್ಲಿಷ್ ಕ್ರಿಸ್‌ಮಸ್ ಸಿನಿಮಾ ಕಳಿಸಿದ್ದಳು. ಅದರಲ್ಲಿ ಕೆಂಪು ಕೋಟಿನ ಡೊಳ್ಳುಹೊಟ್ಟೆ ಮುದುಕನೊಬ್ಬ ಹೊಗೆಗೂಡಿನಿಂದ ಮನೆಯೊಳಗೆ ಇಳಿಯುತ್ತಿದ್ದ. "ಕಳ್ಳ! ಕಳ್ಳ!" ಎಂದು ಮಕ್ಕಳು ಕೂಗಿದವು. "ಒಲೆ ಉರೀತಾ ಇದ್ರೆ ಇವ್ನ ಗತಿ ಏನು?" ಎಂದು ಚೌಡಮ್ಮ ಕೇಳಿದಳು. ಬಿಳಿ ಮಂಜು ಬೀಳುವುದನ್ನು ಕಂಡು ಯಾರೋ ಕಾಫಿ ಹೂವು ಅಂದರು. ಮುದುಕ ಅತ್ತ ಗಾಡಿ ಹತ್ತುವ ಮೊದಲೇ ಜನ ಎದ್ದುಹೋದರು. ಮರುವರ್ಷದಿಂದ ಹಳೇ ಸಿನಿಮಾವೇ ಗಟ್ಟಿಯಾಯಿತು. "ಕೂಸಿಲ್ದೇ ಇರೋದು ಎಂಥಾ ಕ್ರಿಸ್‌ಮಸ್ ಪಿಚ್ಚರು" ಎಂದು ಚೌಡಮ್ಮ ತೀರ್ಪು ಕೊಟ್ಟಳು.

ಇಷ್ಟು ಬೈಯುವವಳು ಆ ಸಿನಿಮಾವನ್ನು ಮೆಚ್ಚಿದ್ದೇಕೆ? ಅವಳಿಗೆ ಅದರ ಗುಟ್ಟು ಗೊತ್ತಾಗಿತ್ತು. ಗೊತ್ತಾಗಿದೆ ಎಂದು ಅವಳು ನಂಬಿದ್ದಳು.

ನಮ್ಮ ಕಡೆ ಒಂದು ಪದ್ಧತಿಯಿದೆ. ಹುಟ್ಟಿದ ಮಕ್ಕಳು ದಕ್ಕದೆ ಹೋದರೆ, ಮುಂದೆ ಹುಟ್ಟಿದ್ದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬರುತ್ತಾರೆ. ನೆರೆಮನೆಯ ಹೆಂಗಸು ಅದನ್ನು ಎತ್ತಿ ತಂದು, ಒಂದು ಮೊರ ತೌಡು ಕೊಟ್ಟು ಕೊಂಡೆ ಅನ್ನುತ್ತಾಳೆ, ಆಮೇಲೆ ಸಾಕಲೆಂದು ಹೆತ್ತವಳಿಗೇ ಕೊಡುತ್ತಾಳೆ. ಕೂಸನ್ನು ಒಯ್ಯಲು ಬಂದ ಜವರಾಯ ನೋಡಿ, ಇದು ಯಾರಿಗೂ ಬೇಡದ ಕಸ, ತೌಡಿನ ಬೆಲೆಯದು ಎಂದು ಮೂಗು ಮುರಿದು ಹೋಗಬೇಕು. ಅದಕ್ಕೇ ಅಂಥ ಮಕ್ಕಳಿಗೆ ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರು.

ಸಿನಿಮಾದಲ್ಲೂ ಅದೇ ನಡೆದಿದೆ ಎಂದು ಚೌಡಮ್ಮನಿಗೆ ಖಾತ್ರಿಯಾಗಿತ್ತು. ಇಲ್ಲದಿದ್ದರೆ ಯಾರಾದರೂ ಚೊಚ್ಚಲ ಮಗನನ್ನು ದನ ಮೇವು ತಿನ್ನುವ ಗೋದಲಿಯಲ್ಲಿ ಮಲಗಿಸುತ್ತಾರೆಯೇ? ಮಲಗಿಸಿದ ಮೇಲೆ ಮೂವರು ದೊರೆಗಳು ಒಂಟೆಯೇರಿ ಬರುತ್ತಾರೆ, ಚಿನ್ನ ಇಡುತ್ತಾರೆ. ಅದು ಕೊಂಡುಕೊಳ್ಳುವ ಶಾಸ್ತ್ರವಲ್ಲದೆ ಇನ್ನೇನು? ದೊರೆಗಳಾದ್ದರಿಂದ ತೌಡಿನ ಬದಲು ಚಿನ್ನ. ಆಮೇಲೆ ದುಷ್ಟ ರಾಜನೊಬ್ಬ ಕಂಡ ಕಂಡ ಕೂಸನ್ನೆಲ್ಲ ಕೊಲ್ಲಿಸುತ್ತಾನೆ. ಗೋದಲಿಯ ಕೂಸು ಮಾತ್ರ ಅವ್ವನ ಮಡಿಲಲ್ಲಿ ಕೂತು, ಕತ್ತೆಯ ಮೇಲೆ ದೂರದೇಶಕ್ಕೆ ಪಾರಾಗುತ್ತದೆ. ಮೊದಲನೇ ಕ್ಯಾಸೆಟ್ ಮುಗಿಯುತ್ತಿದ್ದದ್ದು ಅಲ್ಲಿಗೇ. ಸಾವಿನ ಕಣ್ಣಿಗೆ ಮಣ್ಣೆರಚಿ ಗೆದ್ದ ಕೂಸಿನ ಹಬ್ಬವೇ ಕ್ರಿಸ್‌ಮಸ್ಸು. ಇದಕ್ಕಿಂತ ದೊಡ್ಡ ಹಬ್ಬ ಒಬ್ಬ ಸೂಲಗಿತ್ತಿಗೆ ಬೇರೆ ಯಾವುದಿದ್ದೀತು?

ಸೆಲಿನಮ್ಮನ ಮನೆಗೋಡೆಯ ಮೇಲೆ ಶಿಲುಬೆಗೆ ಬಿಗಿದ ಬಡಕಲು ಮನುಷ್ಯನೊಬ್ಬ ಇದ್ದದ್ದನ್ನು ಅವಳು ಕಂಡೇ ಇದ್ದಳು. ಅವನು ಬೇರೆ ದೇವರು ಎಂದುಕೊಂಡಿದ್ದಳು. ನಮಗೆ ಊರ ದೇವರೇ ಒಂದು, ಕಾಡ ದೇವರೇ ಒಂದು, ಮನೆದೇವರೇ ಒಂದು. ಅವರಿಗೂ ಮಗು ದೇವರೊಂದು, ಕಷ್ಟದ ದೇವರೊಂದು ಇದ್ದರೆ ತಪ್ಪೇನು? ಕೇಳುವಂಥದ್ದು ಅಂತಲೂ ಅನ್ನಿಸಿರಲಿಲ್ಲ.

ಪುಟ್ಟಲಕ್ಷ್ಮಿಯ ಮೊದಲೆರಡು ಕೂಸುಗಳೂ ವರ್ಷ ತುಂಬುವ ಮೊದಲೇ ಹೋದವು. ಊರ ಮಕ್ಕಳನ್ನೆಲ್ಲ ಎತ್ತಿಕೊಟ್ಟ ಕೈಗೆ ತನ್ನ ಮನೆಯದು ದಕ್ಕಲಿಲ್ಲ ಎಂದು ಚೌಡಮ್ಮ ಒಳಗೊಳಗೇ ಸುಟ್ಟುಹೋದಳು. ಮಗಳು ಮೂರನೇ ಸಲ ಬಸುರಾದಾಗ ಗುರು ಸಂತೆಯಿಂದ ಟೊಪ್ಪಿಗೆ ತಂದ. "ಕೂಸು ಹುಟ್ಟೋಕ್ ಮುಂಚೆ ಕುಲಾವಿ! ತಗಂಡೋಗಿ ಬಚ್ಚಿಡು" ಎಂದು ಅಳಿಯನ ಮೇಲೆ ಹರಿಹಾಯ್ದಳು. ಹೆದರಿಕೆ ಅವಳಿಗೆ.

ತೊಂಬತ್ತೈದರ ಡಿಸೆಂಬರಿನಲ್ಲಿ ಗಂಡುಮಗು ಹುಟ್ಟಿತು. ಕ್ರಿಸ್‌ಮಸ್ಸಿನ ಮಧ್ಯಾಹ್ನ ಪ್ರಾರ್ಥನೆ ಮುಗಿದು ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಚೌಡಮ್ಮ ಮೊಮ್ಮಗನನ್ನು ಎತ್ತಿಕೊಂಡು ಸೆಲಿನಮ್ಮನ ಹತ್ತಿರ ಬಂದಳು.

"ತಿಪ್ಪೆ ಯಾಕೆ, ನಿಮ್ಮ ಗೋದಲೀಲೇ ಮಲಗುಸ್ತೀನಿ. ಗೆದ್ದಿರೋ ಜಾಗ ಅದು. ನೀನೇ ಎತ್ಕಂಡು ತೌಡು ಕೊಡು ಸೆಲಿನಾ. ನಿಮ್ಮ ಕೂಸಿನಂಗೇ ಆಗ್ಲಿ ನಮ್ಮ ಕೂಸೂ."

ಸೆಲಿನಮ್ಮ ಏನೋ ಹೇಳಲು ಬಾಯಿ ತೆರೆದಳು. ಬಾಣಂತಿಯ ಹಾಗೆ ಹೊಳೆಯುತ್ತಿದ್ದ ಆ ಮುದುಕಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಗೋದಲಿಯ ಹುಲ್ಲಿನಲ್ಲಿ, ಯೇಸುಕೂಸಿನ ಸುಣ್ಣದ ಬೊಂಬೆಯ ಪಕ್ಕ, ಮೊಮ್ಮಗ ಒಂದು ಗಳಿಗೆ ಮಲಗಿದ. ಸೆಲಿನಮ್ಮ ಎತ್ತಿಕೊಂಡಳು. ಒಂದು ಮೊರ ತೌಡು ಚೌಡಮ್ಮನ ಸೆರಗಿಗೆ ಬಿತ್ತು. ತಿಪ್ಪೇಶ ಎಂದು ಹೆಸರಾಯಿತು.

ತಿಪ್ಪೇಶ ದಕ್ಕಿದ. ಬೋರಲು ಬಿದ್ದ, ಅಂಬೆಗಾಲಿಟ್ಟ, ಮಳೆಗಾಲದ ಜ್ವರವನ್ನೂ ಗೆದ್ದ. ವರ್ಷ ತುಂಬಿದ ದಿನ ಚೌಡಮ್ಮ ಲೈನಿಗೆಲ್ಲ ಬೆಲ್ಲ ಹಂಚಿದಳು. ಅದಾದ ಮೇಲೆ ಬಂದ ಕ್ರಿಸ್‌ಮಸ್ಸಿಗೆ ಅವಳು ಕಣದಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಅವತ್ತು ಬೈಗುಳವೂ ಕಡಿಮೆ. ಕೂಸು ಕತ್ತೆಯೇರಿ ಪಾರಾದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನವೀನ್ ಹೊಡೆದಾಟದ ಸಿನಿಮಾ ಹಾಕಿದ. ಡೆಕ್ಕು ಕರಕರ ಎಂದು ಟೇಪನ್ನು ನುಂಗಿ ಕೂತಿತು. ಎಳೆದ, ಕತ್ತರಿಸಿದ, ಊದಿದ, ಆ ಕ್ಯಾಸೆಟ್ಟು ಕೆಟ್ಟೇಹೋಯಿತು. ಪಡ್ಡೆಗಳು ಗಲಾಟೆ ಎಬ್ಬಿಸಿದರು. "ಏನಾದ್ರೂ ಹಾಕೋ ಮಾರಾಯ, ನನ್ನ ಮಾನ ಕಳೀಬ್ಯಾಡ" ಎಂದು ರೈಟರ್ ಮಹಾದೇವಯ್ಯ ಸಿಡುಕಿದ. ನವೀನನ ಬಳಿ ಇದ್ದದ್ದು ಇನ್ನೊಂದೇ. ಡಬ್ಬದಿಂದ ಎರಡನೇ ಕ್ಯಾಸೆಟ್ ತೆಗೆದ.

ಏಳಲು ಹೊರಟಿದ್ದ ಚೌಡಮ್ಮ ಮತ್ತೆ ಕೂತಳು. ಪರದೆಯ ಮೇಲೆ ಉದ್ದಗೂದಲಿನ, ಶಾಂತ ಮುಖದ ಗಂಡಸೊಬ್ಬ ಕೆರೆಯ ದಡದಲ್ಲಿ ನಡೆದು ಬರುತ್ತಿದ್ದ.

"ಯಾರ್ಲಾ ಇವ್ನು?"

"ಅವ್ನೇ ಕಣಜ್ಜಿ, ಆ ಕೂಸು. ದೊಡ್ಡೋನಾಗವ್ನೆ" ಅಂದ ನವೀನ್.

ಚೌಡಮ್ಮನ ಸಂತೋಷ ಹೇಳತೀರದು. "ಅಯ್ಯೋ ನನ್ನಪ್ಪಾ! ಎಷ್ಟು ಚೆಂದಾಗಿ ಬೆಳ್ದವ್ನೆ ನೋಡ್ರೇ!" ಎಂದು ಪಕ್ಕದ ಹೆಂಗಸರ ತೋಳು ಚಿವುಟಿದಳು. ಅವನು ಕುರುಡರಿಗೆ ಕಣ್ಣು ಕೊಟ್ಟ, ಚೌಡಮ್ಮ ತಲೆದೂಗಿದಳು. ಹಸಿದವರಿಗೆ ರೊಟ್ಟಿ ಹಂಚಿದ. "ಅವ್ವ ಚೆನ್ನಾಗಿ ಸಾಕವ್ಳೆ" ಎಂದಳು. ಸತ್ತವನೊಬ್ಬನನ್ನು ಎಬ್ಬಿಸಿದಾಗ, ನೋಡಿ, ಜವರಾಯನಿಗೇ ಪಾಠ ಹೇಳುತ್ತಿದ್ದಾನೆ ಎಂದು ಹಿಗ್ಗಿದಳು. ತನ್ನ ತಿಪ್ಪೇಶನೂ ಹೀಗೇ ಬೆಳೆಯುತ್ತಾನೆ, ಹೀಗೇ ನಾಲ್ಕು ಜನಕ್ಕೆ ಬೇಕಾದವನಾಗುತ್ತಾನೆ ಎಂದು ಮನಸ್ಸು ಮಂಡಿಗೆ ತಿನ್ನುತ್ತಿತ್ತು.

ಆಮೇಲೆ ಅವನನ್ನು ಹಿಡಿದರು.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಏನೋ ತಪ್ಪು ತಿಳಿದಿದ್ದಾರೆ, ಬಿಡುತ್ತಾರೆ ಎಂದುಕೊಂಡಳು. ಚಾಟಿ ಬೀಸಿದರು. ಮುಳ್ಳಿನ ಸಿಂಬಿ ಮಾಡಿ ತಲೆಗೊತ್ತಿದರು. "ಯಾಕ್ರೋ? ಯಾಕ್ರೋ ಹೊಡೀತೀರ? ಏನ್ ಮಾಡವ್ನೆ ಅವ್ನು?" ಎಂದು ಚೌಡಮ್ಮ ಕೂಗಿದಳು. ಕಣದಲ್ಲಿ ಒಬ್ಬರೂ ನಗಲಿಲ್ಲ. ಅವನ ಹೆಗಲ ಮೇಲೆ ಮರದ ತೊಲೆ ಹೊರಿಸಿದರು. ಆ ತೊಲೆಯ ಆಕಾರ ಕಂಡದ್ದೇ ತಡ, ಸೆಲಿನಮ್ಮನ ಗೋಡೆಯ ಮೇಲಿನ ಬಡಕಲು ಮನುಷ್ಯ ಕಣ್ಣ ಮುಂದೆ ಬಂದ. ಬೇರೆ ದೇವರಲ್ಲ. ಅವನೇ ಇವನು. ಗೋದಲಿಯ ಕೂಸೇ.

ಮೊಳೆಯ ಮೇಲೆ ಸುತ್ತಿಗೆ ಬಿತ್ತು. ಅದಕ್ಕಿಂತ ಮಿಗಿಲಾಗಿ, ಕೆಳಗೆ ನಿಂತ ಹೆಂಗಸನ್ನು ತೋರಿಸಿದರು. ಅದೇ ನೀಲಿ ಸೆರಗು, ಅದೇ ಅವ್ವ. ಹೆತ್ತ ಗಳಿಗೆಯಲ್ಲಿ ಮುಡಿ ಬಾಚಿಕೊಂಡಿದ್ದಾಳೆ ಎಂದು ತಾನು ವರ್ಷವರ್ಷ ಬೈದ ಬಾಣಂತಿ. ಈಗ ಮುಡಿ ಬಿಚ್ಚಿಹೋಗಿತ್ತು. ತಲೆಯೆತ್ತಿ ಮಗನನ್ನು ನೋಡುತ್ತ ನಿಂತಿದ್ದಳು.

"ನಿಮ್ಮ ಕೂಸಿನಂಗೇ ಆಗ್ಲಿ" ಎಂದು ತಾನೇ ಆಡಿದ ಮಾತು ಚೌಡಮ್ಮನ ಕಿವಿಯಲ್ಲಿ ಗುಂಯ್ ಅಂದಿತು. ಗೆದ್ದಿರೋ ಜಾಗ ಎಂದು ಮೊಮ್ಮಗನನ್ನು ಮಲಗಿಸಿ ಬಂದದ್ದು ಎಲ್ಲಿ? ಬೇಡಿಕೊಂಡದ್ದು ಏನನ್ನು? ಅಲ್ಲಿ ಜವರಾಯ ಮೋಸಹೋಗಿರಲೇ ಇಲ್ಲ. ಕೂಸನ್ನು ಬೆಳೆಯಲು ಬಿಟ್ಟು, ಅವ್ವನ ಕಣ್ಣೆದುರಿಗೇ ಒಯ್ದಿದ್ದ. ಗೋಣಿಚೀಲ ಅಲ್ಲೇ ಬಿಟ್ಟು, ಬರಿಗಾಲಲ್ಲಿ ಮನೆಗೆ ಓಡಿದಳು.

ಸೀರೆಯ ಜೋಲಿಯಲ್ಲಿ ತಿಪ್ಪೇಶ ಬಾಯಿ ತೆರೆದುಕೊಂಡು ಮಲಗಿದ್ದ. ಚೌಡಮ್ಮ ಅವನ ಮೂಗಿನ ಹತ್ತಿರ ಕೈ ಹಿಡಿದಳು. ಉಸಿರಿತ್ತು. ಉಂಡಳೋ ಇಲ್ಲವೋ, ಮಲಗಿದಳೋ ಇಲ್ಲವೋ. ಮೊದಲ ಕೋಳಿ ಕೂಗುವವರೆಗೂ ಆ ಕೈ ಅಲ್ಲಿಂದ ಕದಲಲಿಲ್ಲ.

ಬೆಳಗ್ಗೆ ಸಕಲೇಶಪುರದಿಂದ ಫಾದರ್ ಬರುವವರಿದ್ದರು. ಕ್ರೈಸ್ತರೆಲ್ಲ ಹೊಸ ಬಟ್ಟೆ ತೊಟ್ಟು ಪ್ರಾರ್ಥನೆ ಮನೆಗೆ ಬಂದು ನೋಡುತ್ತಾರೆ, ಗೋದಲಿ ಖಾಲಿ! ಕುರಿಯಿದೆ, ದನವಿದೆ, ಮೂವರು ದೊರೆಗಳಿದ್ದಾರೆ, ತಾಯಿ ಮಂಡಿಯೂರಿದ್ದಾಳೆ. ಹುಲ್ಲಿನ ಮೇಲೆ ಕೂಸಿಲ್ಲ. ಹೋ ಎಂದು ಹುಯಿಲೆದ್ದಿತು. ರೈಟರ್ ಮಹಾದೇವಯ್ಯ ಬೇಟೆನಾಯಿ ಸಮೇತ ಬಂದ. "ನಮ್ಮ ಎಸ್ಟೇಟಲ್ಲಿ ದೇವ್ರ ಕಳ್ತನ! ಹಿಂಗಂತ ಹೊರಗೆ ಗೊತ್ತಾದ್ರೆ ಧಣಿಗಳಿಗೆ ಏನ್ ಮುಖ ತೋರ್ಸಾದು?" ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪ್ರಶ್ನೆ ಕೇಳಲು ಶುರುಮಾಡಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಪ್ರಾರ್ಥನೆ ಮನೆಗೆ ಬೀಗವನ್ನೂ ತರಿಸಿದ.

ಸೆಲಿನಮ್ಮ ಸಾಲನ್ನು ಒಮ್ಮೆ ನೋಡಿದಳು. ಯಾವ ಗಲಾಟೆಗೂ ಮೊದಲು ಓಡಿಬರುವ ಒಂದು ಮುಖ ಅಲ್ಲಿರಲಿಲ್ಲ. ಯಾರಿಗೂ ಹೇಳದೆ ಚೌಡಮ್ಮನ ಮನೆಯ ಕಡೆ ನಡೆದಳು.

ಬಾಗಿಲು ಒಳಗಿನಿಂದ ಹಾಕಿತ್ತು. ಪುಟ್ಟಲಕ್ಷ್ಮಿ ತೆಗೆದಳು, ಅವಳ ಮುಖ ಬಿಳಿಚಿತ್ತು. ಒಳಗೆ ಜೋಲಿಯಲ್ಲಿ ತಿಪ್ಪೇಶ ಕಾಲು ಬಡಿಯುತ್ತಿದ್ದ. ಅವನ ಪಕ್ಕದಲ್ಲಿ, ಹಳೇ ಸೀರೆಯ ಚೂರಿನಲ್ಲಿ ಕಿವಿ ಮುಚ್ಚುವ ಹಾಗೆ ಸುತ್ತಿಸಿಕೊಂಡು, ಸುಣ್ಣದ ಬೊಂಬೆ ಮಲಗಿತ್ತು. ಜೋಲಿಯ ಹಗ್ಗ ಹಿಡಿದು ಚೌಡಮ್ಮ ಕೂತಿದ್ದಳು. ಕಣ್ಣು ಕೆಂಡವಾಗಿದ್ದವು.

"ಚೌಡಕ್ಕ, ಇದೇನ್ ಮಾಡ್ದೆ! ಕೊಡು. ಫಾದರ್ ಬರೋ ಹೊತ್ತಾಯ್ತು."

"ಕೊಡಕಿಲ್ಲ. ಕೊಟ್ರೆ ಏನ್ ಮಾಡ್ತೀರ ಅಂತ ನೆನ್ನೆ ನೋಡೀನಿ."

"ಅಯ್ಯೋ, ಅದು ನಡ್ದು ಎಷ್ಟೋ ಕಾಲ ಆಯ್ತು ಕಣಕ್ಕ."

"ಮತ್ತೆ ವರ್ಷ ವರ್ಷ ಹುಟ್ಟುಸ್ತೀರಲ್ಲ? ಹುಟ್ಟೋದು ವರ್ಷ ವರ್ಷ ಆದ್ರೆ ಸಾಯೋದೂ ವರ್ಷ ವರ್ಷವೇಯ. ಈ ಸಲ ಬುಡಕಿಲ್ಲ. ಇವ್ನು ನನ್ನ ಮನೇಲೇ ಇರ್ಲಿ. ಇವ್ನು ಉಳುದ್ರೆ ನಮ್ಮೋನೂ ಉಳೀತಾನೆ." ಚೌಡಮ್ಮ ಜೋಲಿಯನ್ನು ತನ್ನತ್ತ ಎಳೆದುಕೊಂಡಳು. "ನಿಂಗೆ ಗೊತ್ತಿತ್ತು ಸೆಲಿನಾ. ಎಲ್ಲಾ ಗೊತ್ತಿದ್ದೂ ನನ್ನ ಕೂಸನ್ನ ಅಲ್ಲಿಂದ ಎತ್ಕಂಡೆ. ನಿಮ್ಮೋನಂಗೇ ಆಗ್ಲಿ ಅಂದಾಗ ಒಂದು ಮಾತು, ಬ್ಯಾಡ ಚೌಡಕ್ಕ ಹಂಗನ್ಬ್ಯಾಡ ಅಂತ, ಒಂದು ಮಾತು ಹೇಳಾಕ್ ಆಗ್ಲಿಲ್ವಾ ನಿಂಗೆ?"

"ಗೊತ್ತಿತ್ತು" ಎಂದಳು ಸೆಲಿನಮ್ಮ. "ಹೇಳಾಕ್ ಬಾಯಿ ಬರ್ಲಿಲ್ಲ. ನೀನು ಅಷ್ಟು ಸಂತೋಷ್ದಲ್ಲಿದ್ದೆ."

ಸೆಲಿನಮ್ಮ ಮತ್ತೆ ಹೇಳಿದಳು. "ನೀನು ಪೂರ್ತಿ ನೋಡ್ಲಿಲ್ಲ ಅಕ್ಕ. ಅವ್ನು ಮೂರನೇ ದಿನ ಎದ್ ಬತ್ತಾನೆ."

"ಎದ್ದು ಬರ್ಲಿ! ಅವ್ವ ನೋಡಿದ್ದು ನೋಡ್ದಂಗಾಯ್ತಾ?"

ಫಾದರ್ ಇದ್ದಿದ್ದರೆ ಈ ಮಾತಿಗೆ ಉತ್ತರ ಕೊಡುತ್ತಿದ್ದರೋ ಏನೋ. ಸೆಲಿನಮ್ಮ ಹೊಸ ಸೀರೆಯ ಸಮೇತ ಮಣ್ಣುನೆಲದ ಮೇಲೆ ಕುಸಿದು ಕೂತಳು.

"ನಾನೂ ಆ ಕ್ಯಾಸೆಟ್ ನೋಡಾಕಿಲ್ಲ ಚೌಡಕ್ಕ" ಅಂದಳು. "ಗುಡ್ ಫ್ರೈಡೇಗೆ ಸಕಲೇಶಪುರದ ಚರ್ಚಲ್ಲಿ ಹಾಕುದ್ರೂ, ವಿಕ್ಟರ್ ಹೋದ್ಮೇಲೆ ಒಂದು ಸಲೀನೂ ನೋಡಿಲ್ಲ. ನೆನ್ನೆ ನವೀನ ಅದ್ನ ಹಾಕ್ದೇಟ್ಗೆ ಎದ್ದೋಗಿ ಸ್ಟೋರ್ ಹಿಂದೆ ಕೂತಿದ್ದೆ. ನೀನು ಓಡಿದ್ದು ಕಂಡೆ. ಕರ್ಯಾಕೆ ಶಕ್ತಿ ಇರ್ಲಿಲ್ಲ."

ಚೌಡಮ್ಮ ತಲೆಯೆತ್ತಿ ಅವಳನ್ನು ನೋಡಿದಳು.

"ವಿಕ್ಟರ್ ಬಿದ್ದ ವರ್ಷ ಗೋದಲಿ ಕಟ್ಟಬಾರ್ದು ಅಂತ ಇದ್ದೆ. ಹುಟ್ಟಿದ್ರೇನು, ಬಂತಲ್ಲ ಕೊನೆಗೆ ಸಾವೇ, ಇದ್ರಾಗೆ ಹಬ್ಬ ಎಂಥದ್ದು ಅಂತ ಸಿಟ್ಟು. ಆದ್ರೆ ಕ್ರಿಸ್‌ಮಸ್ ಬಂದಾಗ ಕೈ ಸುಮ್ನಿರ್ಲಿಲ್ಲ. ಹುಲ್ಲು ಹಾಸ್ತಾ ಹಾಸ್ತಾ ನೀನು ಅವ್ನ ತೊಳ್ದು, ಬಿಸಿ ಬಿಸೀನಾಗೆ ನನ್ನ ಎದೆ ಮೇಲೆ ಇಟ್ಟಿದ್ದು ನೆಪ್ಪಾಯ್ತು. ಆವತ್ತಿನ ಸಂತೋಷ ಸುಳ್ಳಾ ಹಂಗಾದ್ರೆ? ಸತ್ತ ಅಂತ ಹುಟ್ಟಿದ್ದು ಸುಳ್ಳಾಗಾಕಿಲ್ಲ ಚೌಡಕ್ಕ. ಹುಟ್ಟಿದ್ದು ಹುಟ್ಟಿದ್ದೇಯ. ಅದ್ಕೆ ಕಟ್ತೀನಿ. ನಂಗೆ ಗೊತ್ತಿರೋ ಕ್ರಿಸ್‌ಮಸ್ಸು ಇಷ್ಟೇ."

ಹೊರಗೆ ಮಹಾದೇವಯ್ಯ ಯಾರನ್ನೋ ಗದರಿಸುವುದು ಕೇಳುತ್ತಿತ್ತು. ಚೌಡಮ್ಮ ಜೋಲಿಗೆ ಕೈಹಾಕಿದಳು. ಬೊಂಬೆಯ ಕತ್ತಿನ ಕೆಳಗೆ ಒಂದು ಅಂಗೈ, ಬೆನ್ನಿಗೆ ಇನ್ನೊಂದು ಅಂಗೈ. ಸುಣ್ಣದ್ದು ಎಂದು ಮರೆತವಳಂತೆ ಎತ್ತಿ ಸೆಲಿನಮ್ಮನ ಮಡಿಲಿಗಿಟ್ಟಳು.

"ಕಿವಿ ಬಟ್ಟೆ ಬಿಚ್ಬ್ಯಾಡ" ಎಂದಳು. "ಚಳಿ ಐತೆ."

ಸೆಲಿನಮ್ಮ ಏಳಲು ಕೈಯೂರಿದಳು. ಅಷ್ಟರಲ್ಲಿ, ಇಷ್ಟು ಹೊತ್ತೂ ಒಲೆಯ ಪಕ್ಕ ಗೋಡೆಗೊರಗಿ ನಿಂತಿದ್ದ ಪುಟ್ಟಲಕ್ಷ್ಮಿ ಬಾಯಿಬಿಟ್ಟಳು.

"ಅವ್ವ."

"ಏನವ್ವ?"

"ಹಂಗಾದ್ರೆ ನನ್ನ ಎಲ್ಡೂ ಹುಟ್ಟಿದ್ವಲ್ವಾ?"

ನಿನ್ನೆ ಸಂಜೆ ಸುತ್ತಿಗೆಯ ಸದ್ದಿಗೆ ಬೆಚ್ಚಿದ್ದಕ್ಕಿಂತ ಹೆಚ್ಚು ಬೆಚ್ಚಿದಳು ಚೌಡಮ್ಮ. ಆ ಎರಡು ಕೂಸುಗಳ ಮಾತು ಆ ಮನೆಯಲ್ಲಿ ಬರುವಂತಿರಲಿಲ್ಲ. ಮಣ್ಣು ಮಾಡಿ ಬಂದ ದಿನವೇ ಅವುಗಳ ಬಟ್ಟೆ, ಜೋಲಿ, ಎಣ್ಣೆಬಟ್ಟಲು ಎಲ್ಲವನ್ನೂ ಚೌಡಮ್ಮ ಕಣ್ಣಿಗೆ ಕಾಣದ ಹಾಗೆ ಮಾಡಿದ್ದಳು. ಹುಟ್ಟೇ ಇಲ್ಲ ಅಂದುಕೋ, ನೆನೆದರೆ ಮುಂದಿನದಕ್ಕೂ ತಟ್ಟುತ್ತದೆ ಎಂದು ಮಗಳ ಬಾಯಿ ಮುಚ್ಚಿಸಿದ್ದಳು. ಬಾಯಿ ಮುಚ್ಚಿದ ಮಗಳು ಅಂದಿನಿಂದ ಅವುಗಳನ್ನು ಒಬ್ಬಳೇ ಹೊತ್ತಿದ್ದಾಳೆ ಎಂಬುದು, ಲೈನಿನ ಅಷ್ಟೂ ಹೆಂಗಸರ ಸಂಕಟ ಮುಟ್ಟಿ ತಿಳಿಯುತ್ತಿದ್ದ ಈ ಹೆಂಗಸಿಗೆ ತನ್ನ ಮನೆಯಲ್ಲೇ ತಿಳಿದಿರಲಿಲ್ಲ.

"ನಂಗೆ ಅವುಗಳ ಮುಖ ಮರ್ತೋಗ್ತಾ ಐತೆ ಅವ್ವ" ಎಂದಳು ಪುಟ್ಟಲಕ್ಷ್ಮಿ. "ನೀನಲ್ವಾ ಮೊದ್ಲು ನೋಡಿದ್ದು. ಹೇಳು."

ಚೌಡಮ್ಮ ಜೋಲಿಯ ಹಗ್ಗ ಬಿಟ್ಟಳು. ಮಗಳ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಹುಟ್ಟಿದ್ರು ಕಣವ್ವ" ಎಂದಳು. "ಹುಟ್ಟದೇ ಏನು. ದೊಡ್ಡದು ಹೆಣ್ಣು. ಬೆಳ್‌ಬೆಳಗ್ಗೆ, ಕೆಲಸದ ಗಂಟೆ ಹೊಡೀತಾ ಇರ್ಬೇಕಾದ್ರೆ ಬಂತು. ತಲೆ ತುಂಬ ಕೂದ್ಲು, ನಿನ್ನಂಗೇಯ. ಅಳ್ಲೇ ಇಲ್ಲ ಅದು, ಕಣ್ ಬಿಟ್ಕಂಡು ನನ್ನೇ ನೋಡ್ತು. ಯಾರಜ್ಜಿ ನೀನು ಅನ್ನಂಗೆ. ನಾನೇ ನಕ್ಬುಟ್ಟೆ. ಎಡಗೈ ಮುಷ್ಟಿ ಬಿಡಿಸಾಕೆ ಕೊಡ್ತಿರ್ಲಿಲ್ಲ, ಹಂಗೇ ನಿನ್ ಪಕ್ಕ ಮಲಗ್ಸಿದ್ದೆ."

ಪುಟ್ಟಲಕ್ಷ್ಮಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಮುಖದಲ್ಲಿ ಮಾತ್ರ ಎಷ್ಟೋ ದಿನದಿಂದ ಕಾಣದಿದ್ದ ಒಂದು ನಗು.

ಫಾದರ್ ಜೀಪು ಬಂತು ಎಂದು ಹೊರಗೆ ಯಾರೋ ಕೂಗಿದರು. ಸೆಲಿನಮ್ಮ ಏಳಲಿಲ್ಲ. ಮಡಿಲಿನ ಕೂಸಿನ ಮೇಲೆ ಸೆರಗು ಹೊದಿಸಿ ಕೂತೇ ಇದ್ದಳು.

"ಎರಡ್ನೇದು?" ಎಂದು ಕೇಳಿದಳು ಪುಟ್ಟಲಕ್ಷ್ಮಿ.